ಹರಿಹರದ ಹರಿಹರೇಶ್ವರ ದೇವಾಲಯ: ಪೇಟೆಯ ನಡುವಿನ ಹೊಯ್ಸಳ ಕಟ್ಟಡದ ಚರಿತ್ರೆ

ದಾವಣಗೆರೆ ಜಿಲ್ಲೆಯ ಹರಿಹರ ಪಟ್ಟಣದ ಹಳೆಯ ಭಾಗದಲ್ಲಿ, ತುಂಗಭದ್ರಾ ನದಿಯ ಬಲದಂಡೆಗೆ ಸಮೀಪ, ಶ್ರೀ ಹರಿಹರೇಶ್ವರ ದೇವಾಲಯವಿದೆ. ದಾವಣಗೆರೆ ನಗರದಿಂದ ಇಲ್ಲಿಗೆ ಸುಮಾರು 14 ಕಿ.ಮೀ. ದೂರ. ಹೊಯ್ಸಳ ದೊರೆ ಎರಡನೆಯ ವೀರನರಸಿಂಹನ ಮಂತ್ರಿಯೂ ದಂಡನಾಯಕನೂ ಆಗಿದ್ದ ಪೋಲಾಳ್ವನು ಕ್ರಿ.ಶ. 1223–24ರಲ್ಲಿ ಇದನ್ನು ಕಟ್ಟಿಸಿದನು. ಎಂಟು ನೂರು ವರ್ಷ ಕಳೆದರೂ ಇಲ್ಲಿ ಪೂಜೆ ನಿಂತಿಲ್ಲ, ಸುತ್ತಲಿನ ಮನೆ ಅಂಗಡಿಗಳ ಓಡಾಟವೂ ನಿಂತಿಲ್ಲ.

ಇದು ಬಸದಿಯಲ್ಲ. ಜೈನ ಯಾತ್ರಿಕರ ಪಟ್ಟಿಯಲ್ಲಿ ಇದರ ಹೆಸರು ಸಾಮಾನ್ಯವಾಗಿ ಬರುವುದೂ ಇಲ್ಲ. ಆದರೆ ಹಳೇಬೀಡಿನ ಬಸ್ತಿಹಳ್ಳಿಯನ್ನೋ ಶ್ರವಣಬೆಳಗೊಳದ ಅಕ್ಕನ ಬಸದಿಯನ್ನೋ ಮನಸ್ಸಿಟ್ಟು ನೋಡಿದವರು ಹರಿಹರದ ಮಂಟಪದೊಳಗೆ ಕಾಲಿಟ್ಟರೆ ಅಲ್ಲಿನ ಕಂಬಗಳು ಕೂಡಲೇ ಗುರುತು ಸಿಗುತ್ತವೆ. ಬಳಪದ ಕಲ್ಲು, ಕಡೆದ ಉಂಗುರಗಳು, ಮೇಲೆ ಅರಳಿದ ಕಮಲದ ಛಾವಣಿ ಎಲ್ಲವೂ ಪರಿಚಿತವೇ. ಹೊಯ್ಸಳ ನಾಡಿನ ಶಿಲ್ಪಿಗಳಿಗೆ ಬಸದಿಗೊಂದು, ಗುಡಿಗೊಂದು ಎಂಬ ಬೇರೆ ಬೇರೆ ಕಸುಬು ಇರಲಿಲ್ಲ. ಈ ಕಟ್ಟಡದ ಚರಿತ್ರೆಯನ್ನು ತಿಳಿದರೆ ನಮ್ಮ ನಾಡಿನ ಬಸದಿಗಳ ಚರಿತ್ರೆಯೂ ಒಂದಿಷ್ಟು ತಿಳಿಯುತ್ತದೆ.

ಕೂಡಲೂರು ಎಂಬ ಹೆಸರು

ಶಾಸನಗಳಲ್ಲಿ ಈ ಊರಿಗೆ ಕೂಡಲೂರು ಎಂಬ ಹೆಸರಿದೆ. ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಯಿಂದ, ಅಂದರೆ ಶಾಂತಿಸಾಗರದಿಂದ, ಹರಿದು ಬರುವ ಹರಿದ್ರಾ ನದಿ ಇಲ್ಲಿ ತುಂಗಭದ್ರೆಯನ್ನು ಕೂಡುತ್ತದೆ. ಎರಡು ನೀರು ಕೂಡುವ ಜಾಗ ಕೂಡಲೂರು. ಹರಿಹರ ಎಂಬ ಹೆಸರು ದೇವರಿಂದ ಬಂದದ್ದು.

ಆ ದೇವರ ಸ್ವರೂಪವೇ ವಿಶೇಷ. ಗರ್ಭಗುಡಿಯಲ್ಲಿರುವ ಒಂದೇ ಮೂರ್ತಿಯ ಬಲ ಅರ್ಧ ಶಿವ, ಎಡ ಅರ್ಧ ವಿಷ್ಣು. ಸ್ಥಳಪುರಾಣದ ಪ್ರಕಾರ ಗುಹಾಸುರನೆಂಬ ರಾಕ್ಷಸನು, ಹರಿಯಿಂದಾಗಲಿ ಹರನಿಂದಾಗಲಿ ತನಗೆ ಸಾವು ಬಾರದಂತೆ ಬ್ರಹ್ಮನಿಂದ ವರ ಪಡೆದಿದ್ದನು. ಇಬ್ಬರೂ ಒಂದೇ ದೇಹವಾಗಿ ಬಂದು ಅವನನ್ನು ಕೊಂದರು. ಪೂರ್ವಕ್ಕೆ ಉಚ್ಚಂಗಿದುರ್ಗ, ಉತ್ತರಕ್ಕೆ ಐರಣಿ, ದಕ್ಷಿಣಕ್ಕೆ ಗೋವಿನಹಾಳು, ಪಶ್ಚಿಮಕ್ಕೆ ಮುದನೂರು ಎಂದು ಆ ಅಸುರನ ನಾಡಿನ ಎಲ್ಲೆಯನ್ನು ಕಥೆ ಹೇಳುತ್ತದೆ. ಪುರಾಣವೊಂದು ಇಷ್ಟು ಕರಾರುವಾಕ್ಕಾಗಿ ನೆರೆಯ ಊರುಗಳ ಚೆಕ್ಕುಬಂದಿ ಹೇಳುವುದು ಅಪರೂಪ. ಈ ದೇವರಿಗೆ ಎಲ್ಲಿಯವರೆಗೆ ನಡೆದುಕೊಳ್ಳುವ ಒಕ್ಕಲಿತ್ತು ಎಂಬುದರ ನೆನಪು ಅದರಲ್ಲಿ ಉಳಿದಿರಬಹುದು.

ಈ ಸ್ಥಳ ಹೊಯ್ಸಳರಿಗೆ ಗಡಿಯೂ ಆಗಿತ್ತು. ರಾಜಧಾನಿ ದೋರಸಮುದ್ರ, ಇಂದಿನ ಹಳೇಬೀಡು, ಇಲ್ಲಿಂದ ರಸ್ತೆಯಲ್ಲಿ ನೂರೈವತ್ತು ಕಿ.ಮೀ.ಗೂ ಹೆಚ್ಚು ದೂರ. ಎರಡನೆಯ ವೀರಬಲ್ಲಾಳನು 1177ರಲ್ಲಿ ಉಚ್ಚಂಗಿಯ ಪಾಂಡ್ಯರ ಕೋಟೆಯನ್ನು ಹಿಡಿದ ಮೇಲೆ ಈ ಸೀಮೆ ಹೊಯ್ಸಳರ ಕೈಗೆ ಬಂತು. ಅವನ ಮಗ ನರಸಿಂಹನ ಕಾಲಕ್ಕೆ (1220–1235) ತುಂಗಭದ್ರೆಯ ಆಚೆಯ ನೆಲ ದೇವಗಿರಿಯ ಸೇವುಣರ ಕಡೆಗೆ ಜಾರತೊಡಗಿತ್ತು. ಅಂಥ ಹೊತ್ತಿನಲ್ಲಿ, ಹೊಳೆಯ ಈಚೆ ದಂಡೆಯಲ್ಲಿ, ಒಬ್ಬ ದಂಡನಾಯಕ ಇಷ್ಟು ದೊಡ್ಡ ಕಲ್ಲುಕಟ್ಟಡವನ್ನು ಎಬ್ಬಿಸಿದ. ಅದನ್ನು ಬರೀ ಭಕ್ತಿ ಎಂದು ಓದುವುದು ಕಷ್ಟ. ಈ ನೆಲ ಯಾರದು ಎಂಬ ಮಾತೂ ಅದರಲ್ಲಿದೆ.

ಕಟ್ಟಿಸಿದವರು

ಪೋಲಾಳ್ವ ದಂಡನಾಥ ಕವಿಯೂ ಹೌದು. ‘ಹರಿಚಾರಿತ್ರ’ ಎಂಬ ಕಾವ್ಯ ಅವನ ಹೆಸರಿನಲ್ಲಿದೆ. ಅವನ ನಂತರ, 1268ರಲ್ಲಿ, ಮೂರನೆಯ ನರಸಿಂಹನ ದಂಡನಾಯಕ ಸೋಮನು ದೇವಾಲಯಕ್ಕೆ ಹೊಸ ಭಾಗಗಳನ್ನು ಸೇರಿಸಿದನು. ಈ ಸೋಮನೇ ಮೈಸೂರು ಜಿಲ್ಲೆಯ ಸೋಮನಾಥಪುರವನ್ನು ಸ್ಥಾಪಿಸಿ ಅಲ್ಲಿನ ಕೇಶವ ದೇವಾಲಯವನ್ನು ಕಟ್ಟಿಸಿದವನು. ಬೇಲೂರು, ಹಳೇಬೀಡುಗಳ ದೇವಾಲಯಗಳ ಜೊತೆಗೆ ಆ ದೇವಾಲಯವೂ 2023ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಅದೇ ಕೈ ಹರಿಹರದಲ್ಲೂ ಕೆಲಸ ಮಾಡಿಸಿದೆ ಎಂಬುದು ದಾವಣಗೆರೆಯವರಲ್ಲೇ ಹೆಚ್ಚಿನವರಿಗೆ ತಿಳಿದಿಲ್ಲ.

ಹೊಯ್ಸಳರ ಕಾಲದ ಹೆಸರಾಂತ ಕಟ್ಟಡಗಳಲ್ಲಿ ಬಹಳಷ್ಟನ್ನು ಕಟ್ಟಿಸಿದವರು ದೊರೆಗಳಿಗಿಂತ ಹೆಚ್ಚಾಗಿ ಅವರ ಮಂತ್ರಿಗಳು, ದಂಡನಾಯಕರು ಮತ್ತು ಅವರ ಮನೆಯ ಹೆಣ್ಣುಮಕ್ಕಳು. ಬಸದಿಗಳ ಕಥೆಯೂ ಇದೇ. ವಿಷ್ಣುವರ್ಧನನ ದಂಡನಾಯಕ ಗಂಗರಾಜನ ನೆನಪಿಗೆ ಅವನ ಮಗ ಬೊಪ್ಪನು 1133ರಲ್ಲಿ ಹಳೇಬೀಡಿನ ಪಾರ್ಶ್ವನಾಥ ಬಸದಿಯನ್ನು ಕಟ್ಟಿಸಿದನು. ಒಂದನೆಯ ನರಸಿಂಹನ ಭಂಡಾರಿ ಹುಳ್ಳನು 1159ರಲ್ಲಿ ಶ್ರವಣಬೆಳಗೊಳದ ಭಂಡಾರಿ ಬಸದಿಯನ್ನು ಕಟ್ಟಿಸಿದನು. ಜಿನನಾಥಪುರದ ಶಾಂತಿನಾಥ ಬಸದಿ ರೇಚಣನದು. ಎರಡನೆಯ ಬಲ್ಲಾಳನ ಮಂತ್ರಿ ಚಂದ್ರಮೌಳಿಯ ಪತ್ನಿ ಆಚಿಯಕ್ಕ 1181ರಲ್ಲಿ ಅಕ್ಕನ ಬಸದಿಯನ್ನು ಕಟ್ಟಿಸಿದಳು.

ಆಚಿಯಕ್ಕನ ಮನೆಯನ್ನು ಇಲ್ಲಿ ಸ್ವಲ್ಪ ನೆನೆಯಬೇಕು. ಗಂಡ ಶೈವ ಬ್ರಾಹ್ಮಣ, ಹೆಂಡತಿ ಜಿನಭಕ್ತೆ. ಪಾರ್ಶ್ವನಾಥ ಸ್ವಾಮಿಗೆ ಅವಳು ಬಸದಿ ಕಟ್ಟಿಸಿದಾಗ ಅದರ ಪೂಜೆಗೆ ದೊರೆಯಿಂದ ಊರೊಂದರ ದತ್ತಿಯೂ ಸಿಕ್ಕಿತು. ಎರಡು ಅರ್ಧಗಳನ್ನು ಕೂಡಿಸಿದ ಹರಿಹರನ ಮೂರ್ತಿಗೆ ಗುಡಿ ಎದ್ದದ್ದು ಇಂಥ ಮನೆಗಳಿದ್ದ ಕಾಲದಲ್ಲಿ, ಅದಾಗಿ ನಲವತ್ತೇ ವರ್ಷಕ್ಕೆ. ಆ ಕಾಲದಲ್ಲಿ ಮತಗಳ ನಡುವೆ ಜಗಳವಿರಲಿಲ್ಲ ಎಂದಲ್ಲ, ಬೇಕಾದಷ್ಟಿತ್ತು. ಜೈನರಿಗೂ ಶ್ರೀವೈಷ್ಣವರಿಗೂ ಎದ್ದ ವ್ಯಾಜ್ಯವನ್ನು ವಿಜಯನಗರದ ಬುಕ್ಕರಾಯ ತೀರ್ಮಾನಿಸಿದ 1368ರ ಶಾಸನ ಶ್ರವಣಬೆಳಗೊಳದಲ್ಲೇ ಇದೆ.

ಮಂಟಪ

ದೇವಾಲಯದಲ್ಲಿ ನೋಡಲೇಬೇಕಾದ ಭಾಗ ಮುಂದಿನ ತೆರೆದ ಮಂಟಪ. ಇದರ ತಳವಿನ್ಯಾಸ ನೇರವಾದ ಚೌಕವಲ್ಲ. ಚೌಕದ ಬದಿಗಳು ಮೆಟ್ಟಿಲು ಮೆಟ್ಟಿಲಾಗಿ ಒಳಸರಿದು, ಮತ್ತೆ ಹೊರಚಾಚಿ, ಮೂಲೆಯ ಮೇಲೆ ಮೂಲೆ ಹುಟ್ಟಿಸುತ್ತವೆ. ಹೊರಗಿನಿಂದ ಒಂದು ಸುತ್ತು ಬಂದರೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಪ್ರತಿ ಮೂಲೆಯೂ ಬೆಳಕನ್ನು ಒಂದೊಂದು ರೀತಿ ಹಿಡಿಯುವುದರಿಂದ, ವಿಗ್ರಹಗಳ ಸಾಲೇ ಇಲ್ಲದಿದ್ದರೂ ಗೋಡೆ ಬೋಳಾಗಿ ಕಾಣುವುದಿಲ್ಲ. ಬೇಲೂರು, ಹಳೇಬೀಡುಗಳ ಹಾಗೆ ಆನೆ, ಕುದುರೆ, ಹಂಸಗಳ ಪಟ್ಟಿಕೆ ಹುಡುಕಿಕೊಂಡು ಬಂದವರಿಗೆ ಇಲ್ಲಿ ನಿರಾಸೆಯಾಗುತ್ತದೆ. ಇಲ್ಲಿನ ಸೊಗಸು ಅಳತೆಯಲ್ಲಿದೆ.

ಮಂಟಪದ ಅಂಚಿನ ಸುತ್ತ ಸೊಂಟದೆತ್ತರದ ಗೋಡೆ. ಆ ಗೋಡೆಯ ಮೇಲಿಂದ ಗಿಡ್ಡ ಕಂಬಗಳು ಎದ್ದು ಇಳಿಜಾರಾದ ಕಲ್ಲಿನ ಸೂರನ್ನು ಹೊತ್ತಿವೆ. ಒಳಗೆ ನೆಲದಿಂದಲೇ ಏಳುವ ಪೂರ್ಣ ಕಂಬಗಳು ಛಾವಣಿಯನ್ನು ಹೊತ್ತಿವೆ. ಸೂರು ಬೇಕಾದಷ್ಟು ಹೊರಕ್ಕೆ ಚಾಚಿರುವುದರಿಂದ ಮಳೆಯ ಇರಿಚಲು ಒಳಗೆ ಬರುವುದು ಕಡಿಮೆ. ಗೋಡೆ ಗಿಡ್ಡದಾಗಿರುವುದರಿಂದ ಗಾಳಿ ಬೆಳಕಿಗೆ ಅಡ್ಡಿಯಿಲ್ಲ. ಹೊಳೆಯಂಚಿನ ಬಿಸಿಲೂರಿಗೆ ಇದಕ್ಕಿಂತ ಒಳ್ಳೆಯ ಜಗಲಿ ಇನ್ನೊಂದಿಲ್ಲ. ಊರಿನ ಸಭೆಗೂ ದಾನ ದತ್ತಿಗಳನ್ನು ಹತ್ತು ಜನರೆದುರು ಸಾರುವುದಕ್ಕೂ ಇಂಥ ಮಂಟಪ ಹೇಳಿ ಮಾಡಿಸಿದ ಹಾಗಿದೆ.

ಬಸದಿಯ ಕಟ್ಟಡ ಇದಕ್ಕಿಂತ ಬೇರೆ. ಗರ್ಭಗೃಹ, ಸುಕನಾಸಿ, ನಾಲ್ಕು ಕಡೆ ಗೋಡೆಯಿರುವ ನವರಂಗ ಎಂಬುದು ಸಾಮಾನ್ಯ ಕ್ರಮ. ಜಿನಬಿಂಬದ ಮುಂದೆ ಮಬ್ಬು ಬೆಳಕು, ಮೌನ. ಹಳೇಬೀಡಿನ ಪಾರ್ಶ್ವನಾಥ ಬಸದಿಯಲ್ಲಿ ಮಾತ್ರ ಎರಡನ್ನೂ ಒಟ್ಟಿಗೆ ನೋಡಬಹುದು: ಮುಂದೆ ಕಂಬಗಳ ತೆರೆದ ಮುಖಮಂಟಪ, ಒಳಗೆ ಕತ್ತಲ ನವರಂಗ. ಹರಿಹರದ ಮಂಟಪವನ್ನು ನೋಡಿ ಬಂದು ಮತ್ತೆ ಬಸ್ತಿಹಳ್ಳಿಗೆ ಹೋದರೆ ಆ ಮುಖಮಂಟಪದ ಉದ್ದೇಶ ಹೆಚ್ಚು ಸ್ಪಷ್ಟವಾಗುತ್ತದೆ.

ಕಂಬಗಳ ವಿಷಯ. ಇವನ್ನು ಕನ್ನಡದಲ್ಲಿ ತಿರುಗಣೆ ಕಂಬಗಳು ಎನ್ನುತ್ತಾರೆ. ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೃದುವಾಗಿದ್ದು ಗಾಳಿಗೆ ಒಡ್ಡಿದ ಮೇಲೆ ಗಟ್ಟಿಯಾಗುತ್ತದೆ. ಆ ಕಲ್ಲನ್ನು ತಿರುಗಿಸುತ್ತ, ಉಳಿ ಹಿಡಿದು ಕಡೆದಾಗ ಒಂದರ ಮೇಲೊಂದು ಉಂಗುರಗಳು, ಘಂಟೆಯಾಕಾರದ ಉಬ್ಬು, ತೆಳ್ಳನೆಯ ತಟ್ಟೆಗಳು ಮೂಡುತ್ತವೆ. ಪೀಠ ಮಾತ್ರ ಚೌಕ, ಏಕೆಂದರೆ ಅದನ್ನು ಕಡೆಯುವುದಿಲ್ಲ. ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ಈ ವಿದ್ಯೆ ಲಕ್ಕುಂಡಿ, ಹಾನಗಲ್ಲು, ಬಂಕಾಪುರದ ಸೀಮೆಯಲ್ಲಿ ಹದಕ್ಕೆ ಬಂತು. ಬಂಕಾಪುರದ ನಗರೇಶ್ವರ ದೇವಾಲಯಕ್ಕೆ ಅರವತ್ತು ಕಂಬದ ಗುಡಿ ಎಂದೇ ಹೆಸರು. ಹೊಯ್ಸಳರು ಇದನ್ನು ಅಲ್ಲಿಂದ ಕಲಿತು ಮುಂದುವರಿಸಿದರು. ಹಾಗಾಗಿ ಹರಿಹರದ ಮಂಟಪಕ್ಕೆ ಹತ್ತಿರದ ಬಂಧುಗಳನ್ನು ಹುಡುಕಬೇಕಾದದ್ದು ಬೇಲೂರಿನಲ್ಲಿ ಅಷ್ಟಲ್ಲ, ಹೊಳೆಯಾಚೆಯ ಹಾವೇರಿ ಸೀಮೆಯಲ್ಲಿ.

ಇದೇ ಊರಿನಲ್ಲಿ 1941ರಲ್ಲಿ ಆರಂಭವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ದೇಶಕ್ಕೆಲ್ಲ ಲೇತ್ ಯಂತ್ರ ಮಾಡಿ ಕಳಿಸುತ್ತಿತ್ತು. ಕಾಕತಾಳೀಯವೇ ಇರಬಹುದು, ಆದರೂ ಕಲ್ಲನ್ನು ಕಡೆದ ಊರಿನಲ್ಲೇ ಏಳು ಶತಮಾನದ ಮೇಲೆ ಉಕ್ಕನ್ನು ಕಡೆಯುವ ಯಂತ್ರ ಹುಟ್ಟಿತು. ಕಾರ್ಖಾನೆ ಈಗ ಮುಚ್ಚಿದೆ. ಕಂಬಗಳು ನಿಂತಿವೆ.

ಛಾವಣಿಯ ಅಂಕಣಗಳಲ್ಲಿ ಕಮಲ ಮೊದಲಾದ ಕೆತ್ತನೆಗಳಿರುವ ಭುವನೇಶ್ವರಿಗಳಿವೆ. ಕುತ್ತಿಗೆ ನೋಯುವವರೆಗೆ ನೋಡಬಹುದಾದಷ್ಟಿವೆ. ಹೊರಗೆ ಎತ್ತರದ ಕಲ್ಲಿನ ದೀಪಸ್ತಂಭವಿದೆ.

ಕಲ್ಲಿನಲ್ಲಿ ಉಳಿದ ಲೆಕ್ಕ

ದೇವಾಲಯದಲ್ಲಿ ಹಳಗನ್ನಡದ ಹಲವು ಶಿಲಾಶಾಸನಗಳಿವೆ. ಬಿ.ಎಲ್. ರೈಸ್ ಅವರು ಸಂಪಾದಿಸಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಚಿತ್ರದುರ್ಗ ಜಿಲ್ಲೆಯ ಸಂಪುಟದಲ್ಲಿ, ದಾವಣಗೆರೆ ತಾಲ್ಲೂಕಿನ ಭಾಗದಲ್ಲಿ, ಇವು ಅಚ್ಚಾಗಿವೆ. ದಾವಣಗೆರೆ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. ಅದಕ್ಕೆ ಮುಂಚೆ ಈ ಊರುಗಳು ಚಿತ್ರದುರ್ಗಕ್ಕೆ ಸೇರಿದ್ದವು. ಶಾಸನ ಹುಡುಕುವವರು ಇದನ್ನು ನೆನಪಿಡಬೇಕು.

ಪೋಲಾಳ್ವನ ಕೆಲಸಕ್ಕೆ ಶಾಸನವಿದೆ, ಸೋಮನ ಕೆಲಸಕ್ಕೂ ಇದೆ. ವಿಜಯನಗರದ ಕಾಲದ ಎರಡು ಶಾಸನಗಳು ಕಟ್ಟಡವನ್ನು ಬಿಟ್ಟು ನೀರಿನ ಮಾತಾಡುತ್ತವೆ. 1410ರದು ಹರಿದ್ರಾ ನದಿಗೆ ಅಣೆಕಟ್ಟು ಕಟ್ಟಿ ಕಾಲುವೆ ತೆಗೆದ ವಿಷಯ. 1424ರ ಹೊತ್ತಿಗೆ ಅದು ಒಡೆದಿತ್ತು; ಅದನ್ನು ಮತ್ತೆ ಕಟ್ಟಿಸಿದ ವಿಷಯ ಇನ್ನೊಂದರಲ್ಲಿದೆ. ದೇವಾಲಯವೆಂದರೆ ಗುಡಿಯಷ್ಟೇ ಅಲ್ಲ, ಅದರ ಗದ್ದೆ, ಅದರ ನೀರು, ಅದರ ಪಾಲು ಎಲ್ಲವೂ ಹೌದು ಎಂಬುದಕ್ಕೆ ಇವು ಸಾಕ್ಷಿ. ಹದಿನಾಲ್ಕು ವರ್ಷಕ್ಕೆ ಅಣೆ ಒಡೆಯಿತು ಎಂಬುದನ್ನೂ ಮುಚ್ಚಿಡದೆ ಕಲ್ಲಿನ ಮೇಲೆ ಬರೆಸಿದ್ದಾರೆ.

ಮೂಲ ಶಿಖರಕ್ಕೆ ಮಾತ್ರ ಇಂಥ ಲೆಕ್ಕವಿಲ್ಲ. ಗರ್ಭಗುಡಿಯ ಮೇಲೆ ಇಂದು ಕಾಣುವ ಗಾರೆಯ ಗೋಪುರ ಹೊಯ್ಸಳರದಲ್ಲ, ನಂತರದ ಸೇರ್ಪಡೆ. ಕೆಳಗಿನ ಬಳಪದ ಕಲ್ಲಿಗೂ ಮೇಲಿನ ಬಿಳಿಯ ಗಾರೆಗೂ ಹೊಂದಾಣಿಕೆಯಿಲ್ಲ ಎಂಬುದು ರಸ್ತೆಯಲ್ಲಿ ಹೋಗುವವರಿಗೂ ಗೊತ್ತಾಗುತ್ತದೆ. ಶಿಖರ ಕಳೆದುಕೊಂಡ ಹೊಯ್ಸಳ ಕಟ್ಟಡ ಇದೊಂದೇ ಅಲ್ಲ. ಹಳೇಬೀಡಿನ ಹೊಯ್ಸಳೇಶ್ವರಕ್ಕೂ ಇಂದು ಶಿಖರವಿಲ್ಲ. ಹೊಯ್ಸಳ ಶಿಖರ ಹೇಗಿರುತ್ತಿತ್ತು ಎಂದು ನೋಡಬೇಕಾದರೆ ಶ್ರವಣಬೆಳಗೊಳದ ಅಕ್ಕನ ಬಸದಿಗೇ ಹೋಗಬೇಕು. ಅಲ್ಲಿ ಕಲ್ಲಿನ ಶಿಖರ ಉಳಿದಿದೆ.

ಗಾರೆಯ ಗೋಪುರವನ್ನು ಹಳಿಯುವುದು ಸುಲಭ, ಆದರೆ ನ್ಯಾಯವಲ್ಲ. ಕಲ್ಲಿನ ಶಿಖರವನ್ನು ಮತ್ತೆ ಕಟ್ಟುವ ಶಿಲ್ಪಿಗಳಾಗಲಿ ಹಣವಾಗಲಿ ಇಲ್ಲದ ಕಾಲದಲ್ಲಿ ಯಾರೋ ಗರ್ಭಗುಡಿ ಸೋರದಂತೆ ನೋಡಿಕೊಂಡಿದ್ದಾರೆ. ಬೇಸರ ತರುವ ಸಂಗತಿ ಬೇರೆ. ಪೋಲಾಳ್ವ, ಸೋಮ, ಅಣೆಕಟ್ಟಿನವರು ಎಲ್ಲರೂ ಮಾಡಿದ್ದನ್ನು ಬರೆಸಿಟ್ಟರು. ಗೋಪುರದ ಕೆಲಸ ಕಣ್ಣೆದುರಿಗೆ ಇದ್ದರೂ ಅದರ ಹಿಂದಿನ ಕೈ ಕಾಣುವುದಿಲ್ಲ. ಇಂದು ಹಳ್ಳಿ ಹಳ್ಳಿಯ ಬಸದಿಗಳಲ್ಲಿ ನಡೆಯುವ ಜೀರ್ಣೋದ್ಧಾರಕ್ಕೂ ಈ ಮಾತು ಸಲ್ಲುತ್ತದೆ. ನೆಲಕ್ಕೆ ಗ್ರಾನೈಟ್ ಹಾಸಿದಾಗ ಅಡಿಯಲ್ಲಿ ಬರಹದ ಕಲ್ಲು ಮುಚ್ಚಿಹೋಗುತ್ತದೆ. ಬಳಪದ ಕಲ್ಲಿನ ಕಂಬಕ್ಕೆ ಎಣ್ಣೆ ಬಣ್ಣ ಬಳಿದರೆ ಉಂಗುರಗಳ ಅಂಚು ಮೊಂಡಾಗುತ್ತದೆ. ಮರಳು ಊದಿ ಆ ಬಣ್ಣ ತೆಗೆಸಿದರೆ ಬಣ್ಣದ ಜೊತೆಗೆ ಕೆತ್ತನೆಯೂ ಹೋಗುತ್ತದೆ. ಕೆಲಸಕ್ಕೆ ಮುಂಚೆ ಪ್ರತಿ ಗೋಡೆಯ, ಪ್ರತಿ ಕಲ್ಲಿನ ಫೋಟೋ ತೆಗೆದಿಟ್ಟು, ಏನನ್ನು ಯಾವ ವರ್ಷ ಬದಲಿಸಿದ್ದು ಎಂದು ಒಂದು ಕಲ್ಲಿನಲ್ಲಿ ಬರೆಸಲು ಬರುವ ಖರ್ಚು ಒಂದು ದಿನದ ಪ್ರಭಾವನೆಗಿಂತ ಹೆಚ್ಚಾಗದು.

ಪೇಟೆಯ ನಡುವಿನ ಸ್ಮಾರಕ

ಹರಿಹರೇಶ್ವರ ದೇವಾಲಯವು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಲ್ಲಿದೆ. 1958ರ ಪ್ರಾಚೀನ ಸ್ಮಾರಕಗಳ ಕಾಯಿದೆಗೆ 2010ರಲ್ಲಿ ಆದ ತಿದ್ದುಪಡಿಯ ಪ್ರಕಾರ ರಕ್ಷಿತ ಸ್ಮಾರಕದ ಎಲ್ಲೆಯಿಂದ 100 ಮೀಟರ್‌ವರೆಗೆ ಹೊಸ ಕಟ್ಟಡಕ್ಕೆ ನಿಷೇಧವಿದೆ. ಅದರಾಚೆ ಇನ್ನೂ 200 ಮೀಟರ್ ನಿಯಂತ್ರಿತ ಪ್ರದೇಶ. ಅಲ್ಲಿ ಅನುಮತಿ ಪಡೆದೇ ಕಟ್ಟಬೇಕು. ನಿಷೇಧಿತ ಪ್ರದೇಶದ ಹಳೆಯ ಮನೆಗಳ ದುರಸ್ತಿಗೂ ಅನುಮತಿ ಬೇಕು. ಮೀರಿದವರಿಗೆ ಎರಡು ವರ್ಷದವರೆಗೆ ಸೆರೆ ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು.

ಬಯಲಿನಲ್ಲಿರುವ ಸ್ಮಾರಕಕ್ಕೆ ಈ ನಿಯಮ ಹೊರೆಯಲ್ಲ. ಹಳೆಯ ಪೇಟೆಯ ನಡುವೆ 100 ಮೀಟರ್ ಎಂದರೆ ಅದರೊಳಗೆ ಬೀದಿಗಳೇ ಬರುತ್ತವೆ. ಮೂರು ತಲೆಮಾರಿನ ಮನೆಯಲ್ಲಿ ಅಣ್ಣತಮ್ಮಂದಿರು ಪಾಲಾದಾಗ ಮೇಲೊಂದು ಅಂತಸ್ತು ಏರಿಸುವಂತಿಲ್ಲ. ಅಂಗಡಿ ಮುಂಗಟ್ಟು ಬದಲಿಸುವುದಕ್ಕೂ ಕಾಗದ ಓಡಾಡಬೇಕು. ನಿಯಮವಿಲ್ಲದಿದ್ದರೆ ಆ ಸೂರಿನ ಪಕ್ಕದಲ್ಲೇ ನಾಲ್ಕಂತಸ್ತು ಎದ್ದು, ಮಂಟಪದ ಬೆಳಕನ್ನೇ ಕಸಿಯುತ್ತಿತ್ತು ಎಂಬುದೂ ನಿಜ. ಬಸದಿಗಳ ಸುತ್ತ ಮನೆ ಮಾಡಿಕೊಂಡಿರುವ ಸಮಾಜದವರಿಗೂ ಇದು ಹೊಸ ವಿಷಯವಲ್ಲ. ತಮ್ಮ ಊರಿನ ಬಸದಿ ಕೇಂದ್ರದ ರಕ್ಷಿತ ಪಟ್ಟಿಯಲ್ಲಿದೆಯೇ ಎಂದು ತಿಳಿಯದೆ ಪಕ್ಕದಲ್ಲಿ ನಿವೇಶನ ಕೊಳ್ಳುವುದು, ಯಾತ್ರಿ ನಿವಾಸಕ್ಕೆ ಪಾಯ ತೆಗೆಯುವುದು ಬೇಡ. ಅಡಿಪಾಯಕ್ಕೆ ಮುಂಚೆಯೇ ಅರ್ಜಿ ಹಾಕಿದರೆ ಮುಂದಿನ ತೊಂದರೆ ತಪ್ಪುತ್ತದೆ.

ನೋಡಲು ಹೋಗುವವರಿಗೆ

ಹರಿಹರ ರೈಲು ನಿಲ್ದಾಣ ಬೆಂಗಳೂರು–ಹುಬ್ಬಳ್ಳಿ ಮಾರ್ಗದಲ್ಲಿದೆ. ದಾವಣಗೆರೆಯಿಂದ ಬಸ್ಸುಗಳಿಗೆ ಬರವಿಲ್ಲ. ಬೆಳಿಗ್ಗೆ ಹೋದರೆ ಓರೆಬೆಳಕು ಕಂಬಗಳ ಮೇಲೆ ಬಿದ್ದು ಉಂಗುರಗಳು ಎದ್ದು ಕಾಣುತ್ತವೆ. ದಾವಣಗೆರೆಯಲ್ಲಿ ಉಳಿದವರು ಸಂಜೆಯ ಊಟದ ಹೊತ್ತಿಗೆ ಮುಂಚೆ, ಸೂರ್ಯಾಸ್ತದೊಳಗೆ, ಆರಾಮವಾಗಿ ಹಿಂದಿರುಗಬಹುದು.

ಒಂದು ದಿನ ಕೈಯಲ್ಲಿದ್ದರೆ ದಾವಣಗೆರೆ ನಗರಕ್ಕೇ ಸೇರಿಹೋಗಿರುವ ಆನೆಕೊಂಡದ ಈಶ್ವರ ದೇವಾಲಯ, ಹರಿಹರ ತಾಲ್ಲೂಕಿನ ನಂದಿತಾವರೆಯ ಈಶ್ವರ ದೇವಾಲಯ, ಚನ್ನಗಿರಿ ತಾಲ್ಲೂಕಿನ ಸಂತೇಬೆನ್ನೂರಿನ ಪುಷ್ಕರಣಿ ಇವಿಷ್ಟನ್ನೂ ನೋಡಬಹುದು. ಎರಡು ದಿನವಿದ್ದರೆ ಹೊಳೆ ದಾಟಿ ಹೆದ್ದಾರಿಯಲ್ಲಿ ಹಾವೇರಿ ಕಡೆಗೆ ಹೋಗಿ ಬಂಕಾಪುರ ನೋಡಿ ಬರುವುದು ಒಳ್ಳೆಯದು. ಗುಣಭದ್ರಾಚಾರ್ಯರ ಉತ್ತರಪುರಾಣದೊಂದಿಗೆ ಹೆಸರು ಬೆಸೆದುಕೊಂಡ ಊರು ಅದು. ಅರವತ್ತು ಕಂಬದ ಗುಡಿ ಇರುವುದು ಅಲ್ಲಿನ ಕೋಟೆಯೊಳಗೆ. ಹರಿಹರದ ಕಂಬಗಳನ್ನು ಕಂಡ ಕಣ್ಣಿಗೆ ಅದು ಹೊಸದೆನಿಸುವುದಿಲ್ಲ.